ದ್ವಿಚಕ್ರಯಾನದಲ್ಲಿ ಆಚಾರವೂ ಉಪಕರಣವೂ

೧

ಧರ್ಮಕ್ಕೆ ಪ್ರಮಾಣಗಳು ಯಾವುವೆಂಬ ಪ್ರಶ್ನೆಗೆ ನಮ್ಮ ಪೂರ್ವಿಕರು ಶ್ರುತಿ, ಸ್ಮೃತಿ, ಸದಾಚಾರ, ಆತ್ಮತುಷ್ಟಿ ಎಂಬ ನಾಲ್ಕನ್ನು ಹೇಳಿರುವುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ಮೊದಲಿನ ಎರಡಕ್ಕೆ ಶಬ್ದದ ಆಧಾರವುಂಟು. ಕಡೆಯದು ಅವರವರ ಅಂತಃಕರಣಕ್ಕೆ ಸೇರಿದುದು. ನಡುವಣ ಸದಾಚಾರವು ಬರೆದಿಟ್ಟುದೂ ಅಲ್ಲ, ಒಬ್ಬನ ಮನಸ್ಸಿಗೆ ಮಾತ್ರ ತೋರಿದುದೂ ಅಲ್ಲ. ಅದು ಹೇಗೆ ಹುಟ್ಟುತ್ತದೆ, ಯಾರನ್ನು ಕಟ್ಟುತ್ತದೆ, ಯಾವಾಗ ಕೆಡುತ್ತದೆ ಎಂಬುದನ್ನು ಪ್ರಾಚೀನ ದೃಷ್ಟಾಂತಗಳಿಂದ ನಿಶ್ಚಯಿಸುವುದು ಕಷ್ಟ. ಏಕೆಂದರೆ ಆ ಆಚಾರಗಳ ಹುಟ್ಟನ್ನು ಕಂಡವರ ಸಾಕ್ಷ್ಯವು ನಮಗೆ ದೊರೆತಿಲ್ಲ. ಪತ್ರಿಕೆಗಳೂ ಛಾಯಾಚಿತ್ರಗಳೂ ಸಾಕ್ಷಿಯಾಗಿರುವ ಕಾಲದಲ್ಲಿ ಹುಟ್ಟಿ ಬೆಳೆದ ಆಚಾರವೊಂದು ಸಿಕ್ಕಿದರೆ ವಿಚಾರವು ಸುಗಮವಾಗುತ್ತದೆ. ಅಂತಹ ಆಚಾರವು ದೂರದ ರಸ್ತೆಗಳಲ್ಲಿ ಬೈಸಿಕಲ್ಲು ತುಳಿಯುವವರಲ್ಲಿ ಇದೆ.

ಪಂಡಿತರಿಗೂ ಬೈಸಿಕಲ್ಲಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಈ ಲೇಖಕನು ಪಂಚೆಯನ್ನು ಎತ್ತಿ ಕಟ್ಟಿ ಬೈಸಿಕಲ್ಲಿನ ಮೇಲೆಯೇ ಪಾಠಶಾಲೆಗೆ ಹೋಗಿ ಬಂದು ಓದಿದವನು. ಏರು ಬಂದಾಗ ಇಳಿದು ತಳ್ಳುವುದೊಂದೇ ಅವನಿಗೆ ತಿಳಿದಿದ್ದ ಉಪಾಯ. ಆದರೆ ಈ ಲೇಖನಕ್ಕೆ ನಿಮಿತ್ತವಾದುದು ಅದಲ್ಲ. ನಮ್ಮಲ್ಲಿ ಹಿಂದೆ ಕಾವ್ಯಪಾಠ ಹೇಳಿಸಿಕೊಂಡ ಶಿಷ್ಯನೊಬ್ಬನು ಬೆಂಗಳೂರಿನಿಂದ ಹೊರಟ ೨೦೦ ಕಿಲೋಮೀಟರುಗಳ ಸವಾರಿಯೊಂದರಲ್ಲಿ ಸೇರಿದ್ದನು. ಅದನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕೆಂಬುದು ನಿಯಮ. ದಾರಿಯಲ್ಲಿ ಅಪರಿಚಿತನೊಬ್ಬನ ಸರಪಳಿ ಕಡಿದು ನಿಂತಿರಲು, ತನ್ನಲ್ಲಿದ್ದ ಉಪಕರಣದಿಂದ ಅದನ್ನು ಕೂಡಿಸಿಕೊಟ್ಟು ಹೊರಟು, ಅವಧಿ ಮೀರಿ ಹನ್ನೆರಡು ನಿಮಿಷಗಳ ಮೇಲೆ ಗುರಿಯನ್ನು ಸೇರಿದನು; ಅವನ ಹೆಸರು ಪೂರ್ಣಗೊಳಿಸಿದವರ ಪಟ್ಟಿಯಲ್ಲಿ ಬರಲಿಲ್ಲ. “ನಿಲ್ಲಬೇಕೆಂದು ಯಾವ ನಿಯಮವೂ ಹೇಳುವುದಿಲ್ಲವಷ್ಟೆ, ಗುರುಗಳೇ, ನಾನು ನಿಂತದ್ದು ಧರ್ಮವೋ, ಅವಿವೇಕವೋ?” ಎಂದು ಅವನು ಕೇಳಿದನು. ಉತ್ತರವನ್ನು ಹುಡುಕಹೊರಟಾಗ ಈ ಸವಾರರ ಇತಿಹಾಸವನ್ನು ಓದಬೇಕಾಯಿತು.

ಈ ಓದಿನಿಂದ ನಮಗೆ ತೋರಿದ ಪ್ರತಿಜ್ಞೆ ಇಷ್ಟು: ಯಾವ ಉಪಕರಣವು ಗ್ರಾಹ್ಯ, ಯಾವುದು ತ್ಯಾಜ್ಯವೆಂಬ ಇವರ ವಿವಾದವೂ, ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಇವರ ಶಿಷ್ಟಾಚಾರವೂ ಒಂದೇ ಬೇರಿನಿಂದ ಒಡೆದ ಎರಡು ಕವಲುಗಳು. ದಾರಿಯನ್ನು ಕ್ರಮಿಸಿದ ಶ್ರೇಯಸ್ಸು ಮನುಷ್ಯನದೋ ಯಂತ್ರದ್ದೋ ಎಂಬುದೇ ಆ ಬೇರು. ವಿಷಯವು ಮುಖ್ಯವಾಗಿ ಫ್ರಾನ್ಸ್ ದೇಶಕ್ಕೆ ಸೇರಿದುದಾದುದರಿಂದ ಅಲ್ಲಿನ ದೃಷ್ಟಾಂತಗಳನ್ನೇ ಎತ್ತಿಕೊಳ್ಳುವೆವು.

೨

ಮೊದಲು ವಾಹನದ ಉತ್ಪತ್ತಿಯನ್ನು ಸಂಕ್ಷೇಪವಾಗಿ ಹೇಳುವುದು ಆವಶ್ಯಕ. ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬವನು ೧೮೧೭ರಲ್ಲಿ ಒಂದರ ಹಿಂದೊಂದಾಗಿ ಎರಡು ಚಕ್ರಗಳಿದ್ದ ಮರದ ವಾಹನವನ್ನು ನಡೆಸಿ ತೋರಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಮುಂದಕ್ಕೆ ಹೋಗಬೇಕಾಗಿದ್ದಿತು. ೧೮೬೦ರ ದಶಕದಲ್ಲಿ ಪ್ಯಾರಿಸ್ಸಿನ ಕುಶಲಕರ್ಮಿಗಳು ಮುಂದಿನ ಚಕ್ರಕ್ಕೆ ಪೆಡಲನ್ನು ಜೋಡಿಸಿದರು. ೧೮೮೫ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಹಿಂದಿನ ಚಕ್ರವನ್ನು ಸರಪಳಿಯಿಂದ ತಿರುಗಿಸುವ ‘ರೋವರ್’ ಎಂಬ ಯಂತ್ರವನ್ನು ಹೊರಡಿಸಿದನು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಇಂದಿನ ಬೈಸಿಕಲ್ಲಿನ ಆಕಾರವು ಈ ಎರಡರಿಂದ ಸ್ಥಿರವಾಯಿತೆನ್ನಬಹುದು.

ಯಂತ್ರವು ಸ್ಥಿರವಾಗುವ ಮುನ್ನವೇ ಸ್ಪರ್ಧೆ ಹುಟ್ಟಿದುದು ಗಮನಾರ್ಹ. ೧೮೬೯ನೆಯ ಇಸವಿ ನವೆಂಬರ್ ೭ರಂದು ಪ್ಯಾರಿಸ್ಸಿನಿಂದ ರುಆಂ ನಗರಕ್ಕೆ ೧೨೩ ಕಿಲೋಮೀಟರುಗಳ ಪಂದ್ಯ ನಡೆದು, ಜೇಮ್ಸ್ ಮೂರ್ ಎಂಬವನು ಹತ್ತೂವರೆ ಗಂಟೆಗಳಿಗಿಂತ ತುಸು ಹೆಚ್ಚಾದ ಕಾಲದಲ್ಲಿ ಗೆದ್ದನು. ಸವಾರರು ನಾಯಿಗಳಿಂದ ಎಳೆಸಿಕೊಳ್ಳಬಾರದು, ಹಾಯಿಯನ್ನು ಕಟ್ಟಬಾರದು ಎಂದು ಆ ಪಂದ್ಯದ ವಿಧಿಗಳಲ್ಲಿ ಹೇಳಿದ್ದಿತು. ನಗೆ ತರಿಸುವ ಈ ನಿಷೇಧದಲ್ಲಿ ಮೇಲೆ ಹೇಳಿದ ಪ್ರಶ್ನೆಯ ಬೀಜವಿದೆ. ಗಾಳಿಯ ಬಲವೂ ಪ್ರಾಣಿಯ ಬಲವೂ ಸವಾರನದಲ್ಲ. ಆದುದರಿಂದ ಅವು ಕೂಡವು. ಚಕ್ರವು ಸವಾರನದೇ? ಅದನ್ನು ಆಗ ಯಾರೂ ಕೇಳಲಿಲ್ಲ.

೧೮೯೧ರಲ್ಲಿ ಪ್ಯಾರಿಸ್ಸಿನಿಂದ ಸಮುದ್ರತೀರದ ಬ್ರೆಸ್ತ್ ನಗರಕ್ಕೆ ಹೋಗಿ ಹಿಂದಿರುಗುವ, ಸುಮಾರು ೧೨೦೦ ಕಿಲೋಮೀಟರುಗಳ ಪಂದ್ಯವು ನಡೆಯಿತು. ಹೊರಟ ಯಂತ್ರದಲ್ಲಿಯೇ ಕಡೆಯವರೆಗೂ ಹೋಗಬೇಕೆಂಬ ಕಟ್ಟು ಅಲ್ಲಿ ಇದ್ದಿತು. ಶಾರ್ಲ್ ತೆರೋಂ ಎಂಬವನು ಬಿಚ್ಚಿ ಹಾಕಬಹುದಾದ ಮಿಶೆಲಿನ್ ಟೈರುಗಳನ್ನು ಕಟ್ಟಿಕೊಂಡು ೭೧ ಗಂಟೆಗಳಿಗೆ ತುಸು ಮಿಕ್ಕ ಕಾಲದಲ್ಲಿ ಗೆದ್ದನು. ಅವನ ಗೆಲವನ್ನು ಟೈರಿನ ಗೆಲವೆಂದೂ ಲೋಕವು ಕೊಂಡಾಡಿತು. ಪ್ರಶ್ನೆಯು ಅಲ್ಲಿಂದ ಬೀದಿಗೆ ಬಂದಿತು.

೩

ಸವಾರರ ಆಚಾರವನ್ನು ತಿಳಿಯಬೇಕಾದರೆ ವಾಯುವಿನ ಸ್ವಭಾವವನ್ನು ಅರಿಯಬೇಕು. ಸಮಭೂಮಿಯಲ್ಲಿ ವೇಗವಾಗಿ ಹೋಗುವ ಸವಾರನ ಬಲದಲ್ಲಿ ಹೆಚ್ಚಿನ ಪಾಲು ಎದುರುಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದೊಬ್ಬನು ಗಾಳಿಯನ್ನು ಸೀಳುತ್ತಿರಲು ಅವನ ಚಕ್ರಕ್ಕೆ ಹತ್ತಿ ಬರುವವನಿಗೆ ಆ ಶ್ರಮವು ಬಹಳ ಮಟ್ಟಿಗೆ ಉಳಿಯುತ್ತದೆ. ೨೦೧೮ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ ನೆದರ್‌ಲೆಂಡಿನ ಐಂಡ್‌ಹೋವನ್ ವಿಶ್ವವಿದ್ಯಾಲಯದ ವಿದ್ವಾಂಸರು ೧೨೧ ಸವಾರರ ಗುಂಪಿನ ಮಾದರಿಯನ್ನು ಪರೀಕ್ಷಿಸಿ, ಗುಂಪಿನ ನಡುವಿನಲ್ಲಿ ರಕ್ಷಿತನಾಗಿರುವವನಿಗೆ ಒಂಟಿ ಸವಾರನಿಗಾಗುವ ವಾಯುಪ್ರತಿರೋಧದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ಆಗುವುದೆಂದು ತೋರಿಸಿಕೊಟ್ಟರು.

ಈ ಗುಂಪಿಗೆ ಫ್ರೆಂಚರು ‘ಪೆಲೊತೋಂ’ ಎನ್ನುವರು. ಶಬ್ದಾರ್ಥವು ನೂಲಿನ ಉಂಡೆ. ಅದರಿಂದ ಸೈನ್ಯದ ತುಕಡಿಗೆ, ಅಲ್ಲಿಂದ ಸವಾರರ ಗುಂಪಿಗೆ ಆ ಹೆಸರು ಬಂದಿತು. ನೂಲಿನ ಎಳೆಗಳಂತೆ ಒಬ್ಬನು ಮತ್ತೊಬ್ಬನಿಗೆ ಸುತ್ತಿಕೊಂಡಿರುವ ಈ ಸ್ಥಿತಿಯಲ್ಲಿ ಹಿಂದಿನವನು ಮುಂದಿನವನಿಗೆ ಋಣಿಯಾಗಿರುತ್ತಾನೆಂಬುದು ಸ್ಪಷ್ಟ. ಇವರ ಶಿಷ್ಟಾಚಾರವೆಲ್ಲವೂ ಆ ಋಣದ ಲೆಕ್ಕವೆಂದರೆ ತಪ್ಪಾಗದು. ಮುಂದೆ ನಿಲ್ಲುವ ಸರದಿ ಬಂದಾಗ ತಪ್ಪಿಸಿಕೊಳ್ಳಬಾರದು. ಸರದಿ ಬಂದಾಗ ಬಲವನ್ನು ತೋರಿಸುವ ಆಶೆಯಿಂದ ವೇಗವನ್ನು ಏರಿಸಿ ಹಿಂದಿನವರನ್ನು ಚೆದರಿಸಲೂಬಾರದು. ಜೊತೆಯಲ್ಲಿ ಸಾಗುವಾಗ ಅರ್ಧ ಚಕ್ರದಷ್ಟು ಮುಂದೆ ಮುಂದೆ ಹೋಗುತ್ತ ಸಂಗಡಿಗನನ್ನು ಕೆಣಕಬಾರದು. ಹಿಂದಿನವನಿಗೆ ರಸ್ತೆ ಕಾಣುವುದಿಲ್ಲವಾದುದರಿಂದ ಮುಂದಿನವನು ಗುಂಡಿಯನ್ನೂ ಕಲ್ಲನ್ನೂ ಕೈಯಿಂದ ತೋರಿಸಬೇಕು, ಹಠಾತ್ತಾಗಿ ಬ್ರೇಕನ್ನು ಹಿಡಿಯಬಾರದು. ದಿನವೆಲ್ಲ ಪರರ ಮರೆಯಲ್ಲಿ ಬಂದು ಕಡೆಯ ನೂರು ಗಜದಲ್ಲಿ ಅವರನ್ನು ದಾಟಿ ಗೆಲ್ಲುವವನನ್ನು ವಿಧಿಯು ದಂಡಿಸುವುದಿಲ್ಲ. ಆದರೆ ಸವಾರರು ಅವನಿಗೆ ‘ಚಕ್ರ ಚೀಪುವವನು’ ಎಂಬರ್ಥದ ಬಿರುದನ್ನು ಕೊಡುವರು. ನಿಂದೆಯೇ ಇಲ್ಲಿ ದಂಡ.

೪

ಈಗ ಉಪಕರಣವಿವಾದಕ್ಕೆ ಬರೋಣ. ಇದರಲ್ಲಿ ಪಕ್ಷಪ್ರತಿಪಕ್ಷಗಳ ಪ್ರತಿನಿಧಿಗಳೆಂದು ಹೇಳಬಹುದಾದವರು ಇಬ್ಬರು.

ಮೊದಲನೆಯವನು ಪಾಲ್ ದ ವಿವೀ (೧೮೫೩–೧೯೩೦). ಸೇಂತ್ ಏತಿಯೆನ್ ನಗರದಲ್ಲಿ ರೇಷ್ಮೆಯ ವ್ಯಾಪಾರಿಯಾಗಿದ್ದ ಇವನು ಆ ವೃತ್ತಿಯನ್ನು ಬಿಟ್ಟು ಬೈಸಿಕಲ್ಲುಗಳ ಅಂಗಡಿಯನ್ನಿಟ್ಟು, ‘ಲ ಸಿಕ್ಲಿಸ್ತ್’ ಎಂಬ ಪತ್ರಿಕೆಯನ್ನು ನಡೆಸಿ, ‘ವೆಲೋಸಿಯೋ’ ಎಂಬ ಅಂಕಿತದಿಂದ ಬರೆಯುತ್ತಿದ್ದನು. ಬೆಟ್ಟಗಳಿಂದ ಸುತ್ತುವರಿದ ಊರು ಅದು. ಒಂದೇ ಗೇರಿನ ಯಂತ್ರದಲ್ಲಿ ಹಲ್ಲುಚಕ್ರಗಳ ಪ್ರಮಾಣವು ಸಮಭೂಮಿಗೆ ಹೊಂದಿದ್ದರೆ ಏರಿನಲ್ಲಿ ಕಾಲು ಸೋಲುತ್ತದೆ. ಏರಿಗೆ ಹೊಂದಿದ್ದರೆ ಸಮಭೂಮಿಯಲ್ಲಿ ಕಾಲು ವ್ಯರ್ಥವಾಗಿ ಗಿರಗಿರನೆ ತಿರುಗುತ್ತದೆ. ದಾರಿಯು ಬದಲಾದಂತೆ ಪ್ರಮಾಣವೂ ಬದಲಾದರೆ ಕಾಲಿನ ಗತಿ ಸಮವಾಗಿರುವುದು, ದೇಹವು ದಣಿಯದೆ ದೂರ ಸಾಗುವುದು ಎಂಬುದು ವೆಲೋಸಿಯೋವಿನ ಮತ. ಇದಕ್ಕಾಗಿ ಅವನು ಹಲವು ಬಗೆಯ ಗೇರುಗಳನ್ನು ತಾನೇ ಏರುಗಳಲ್ಲಿ ತುಳಿದು ಪರೀಕ್ಷಿಸಿದನು. ಸವಾರರಿಗೆ ಅವನು ಕೊಟ್ಟ ಏಳು ಉಪದೇಶಗಳು ಪ್ರಸಿದ್ಧವಾಗಿವೆ: ಹಸಿಯುವ ಮುನ್ನ ತಿನ್ನುವುದು, ಬಾಯಾರುವ ಮುನ್ನ ಕುಡಿಯುವುದು, ಬಳಲಿಕೆಯು ಮಿತಿ ಮೀರದಂತೆ ನೋಡಿಕೊಳ್ಳುವುದು ಮೊದಲಾದ ದೇಹನಿಯಮಗಳೇ ಅವುಗಳಲ್ಲಿ ಹೆಚ್ಚು. ಕಡೆಯದು ಮಾತ್ರ ಮನೋನಿಯಮ. ಹೆಮ್ಮೆಗಾಗಿ ಎಂದಿಗೂ ಪೆಡಲು ತುಳಿಯಬಾರದೆಂಬುದು ಅದರ ತಾತ್ಪರ್ಯ.

ಎರಡನೆಯವನು ಆಂರಿ ದೆಗ್ರಾಂಜ್ (೧೮೬೫–೧೯೪೦). ೧೮೯೩ರಲ್ಲಿ ಒಂದು ಗಂಟೆಯಲ್ಲಿ ೩೫.೩೨೫ ಕಿಲೋಮೀಟರು ತುಳಿದು ದಾಖಲೆ ಮಾಡಿದವನು; ಮುಂದೆ ‘ಲೋತೊ’ ಪತ್ರಿಕೆಯ ಸಂಪಾದಕನಾಗಿ ೧೯೦೩ರಲ್ಲಿ ಟೂರ್ ದ ಫ್ರಾನ್ಸ್ ಎಂಬ ಪಂದ್ಯವನ್ನು ಸ್ಥಾಪಿಸಿದನು. ಆರು ಹಂತಗಳಲ್ಲಿ ೨೪೨೮ ಕಿಲೋಮೀಟರುಗಳ ಆ ಮೊದಲ ಪಂದ್ಯಕ್ಕೆ ಹೊರಟವರು ೬೦ ಮಂದಿ, ಮುಗಿಸಿದವರು ೨೧ ಮಂದಿ. ಗೆದ್ದವನು ಮೋರಿಸ್ ಗಾರೇಂ. ದೆಗ್ರಾಂಜನು ೧೯೦೨ರಲ್ಲಿಯೇ ತನ್ನ ಪತ್ರಿಕೆಯಲ್ಲಿ, ಬದಲಾಗುವ ಗೇರುಗಳು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕವು, ಯಂತ್ರದ ಚಾತುರ್ಯಕ್ಕಿಂತ ಸ್ನಾಯುಬಲದಿಂದ ಗೆಲ್ಲುವುದೇ ಮೇಲು ಎಂಬ ಅಭಿಪ್ರಾಯವನ್ನು ಪ್ರಕಟಿಸಿದ್ದನು. ಅವನ ಪಂದ್ಯದಲ್ಲಿ ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳಿರುತ್ತಿದ್ದವು. ಬೆಟ್ಟದ ಬುಡದಲ್ಲಿ ಸವಾರನು ಇಳಿದು, ಚಕ್ರವನ್ನು ಕಳಚಿ ತಿರುಗಿಸಿ ಹಾಕಿ, ಮತ್ತೆ ಏರಬೇಕಾಗಿದ್ದಿತು. ತುಳಿಯುತ್ತಿರುವಾಗಲೇ ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ದಾಟಿಸುವ ‘ಡೆರೈಲರ್’ ಎಂಬ ಉಪಕರಣಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಹಳಿ ತಪ್ಪಿಸುವುದು ಎಂಬುದು ಆ ಶಬ್ದದ ಮೂಲಾರ್ಥ.

ದೆಗ್ರಾಂಜನನ್ನು ಮೂಢನೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವನ ಪಕ್ಷದಲ್ಲಿ ಯುಕ್ತಿಯಿದೆ. ಶ್ರೇಯಸ್ಸು ಮನುಷ್ಯನದಾಗಬೇಕಾದರೆ ಯಂತ್ರದ ಪಾಲನ್ನು ಸಾಧ್ಯವಾದಷ್ಟು ಕುಗ್ಗಿಸಬೇಕು; ನಾಯಿಯೂ ಹಾಯಿಯೂ ಕೂಡವೆಂದವರು ಹಿಡಿದ ನ್ಯಾಯವೇ ಇದು.

೫

ಆದರೆ ಯಾವ ನ್ಯಾಯಕ್ಕಾದರೂ ಅದರ ಫಲವೇ ಪರೀಕ್ಷೆ. ೧೯೧೩ರ ಪಂದ್ಯದಲ್ಲಿ ಪಿರೆನೀಸ್ ಪರ್ವತದ ತುರ್‌ಮಲೆ ಕಣಿವೆಯಿಂದ ಇಳಿಯುತ್ತಿದ್ದ ಎವುಜೆನ್ ಕ್ರಿಸ್ತೋಫನ ಯಂತ್ರದ ಮುಂದಿನ ಫೋರ್ಕು ಮುರಿಯಿತು. ಪರರ ಸಹಾಯವನ್ನು ಪಡೆಯದೆ ಸವಾರನೇ ತನ್ನ ಯಂತ್ರವನ್ನು ಸರಿಪಡಿಸಿಕೊಳ್ಳಬೇಕೆಂಬುದು ವಿಧಿ. ಕ್ರಿಸ್ತೋಫನು ಯಂತ್ರವನ್ನು ಹೊತ್ತು ಸುಮಾರು ೧೪ ಕಿಲೋಮೀಟರು ನಡೆದು, ಸೇಂತ್ ಮರೀ ದ ಕಂಪಾನ್ ಎಂಬ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿ, ಅಧಿಕಾರಿಗಳು ನಿಂತು ನೋಡುತ್ತಿರಲು, ತನ್ನ ಕೈಯಿಂದಲೇ ಕಬ್ಬಿಣವನ್ನು ಕಾಯಿಸಿ ಬೆಸೆದನು. ಎರಡು ಕೈಗಳೂ ಕೆಲಸದಲ್ಲಿ ತೊಡಗಿದ್ದುದರಿಂದ ಕುಲುಮೆಯ ತಿದಿಯನ್ನು ಒಬ್ಬ ಹುಡುಗನು ಒತ್ತಿದನು. ಇದು ಪರಸಹಾಯವೆಂದು ಅವನಿಗೆ ಹತ್ತು ನಿಮಿಷಗಳ ದಂಡ ವಿಧಿಸಲ್ಪಟ್ಟಿತು; ಬಳಿಕ ಅದನ್ನು ಮೂರಕ್ಕೆ ಇಳಿಸಿದರು. ಗೆಲ್ಲಬಹುದಾಗಿದ್ದ ಪಂದ್ಯವು ಅವನಿಗೆ ತಪ್ಪಿತು. ೧೯೧೯ರಲ್ಲಿ ಮುಂದಾಳಿಗೆ ಹಳದಿ ಅಂಗಿಯನ್ನು ತೊಡಿಸುವ ಸಂಪ್ರದಾಯ ಹುಟ್ಟಿದಾಗ ಅದನ್ನು ಮೊದಲು ತೊಟ್ಟವನೂ ಅವನೇ. ಆ ವರ್ಷವೂ ಕಡೆಯ ಹಂತಗಳಲ್ಲಿ ಫೋರ್ಕು ಮುರಿದು ಅವನು ಹಿಂದೆ ಬಿದ್ದನು. ಆಗ ಪತ್ರಿಕೆಯ ಓದುಗರು ತಾವಾಗಿಯೇ ಹಣವನ್ನು ಕೂಡಿಸಿ ಅವನಿಗೆ ಕಳುಹಿಸಿದರು. ವಿಧಿಯು ಕೊಡದುದನ್ನು ಲೋಕವು ಕೊಟ್ಟಿತು.

ಇಲ್ಲಿ ದೆಗ್ರಾಂಜನ ನ್ಯಾಯವು ತನಗೆ ತಾನೇ ವಿರುದ್ಧವಾದುದನ್ನು ನೋಡಬೇಕು. ಯಂತ್ರದಿಂದ ಯಾರೂ ಗೆಲ್ಲಬಾರದೆಂದು ಹೊರಟ ವಿಧಿಯು, ಯಂತ್ರದಿಂದ ಮನುಷ್ಯನು ಸೋಲುವುದನ್ನು ಸಮ್ಮತಿಸಿತು. ಯಂತ್ರದ ಗುಣವು ಸವಾರನದಲ್ಲವಾದರೆ ಯಂತ್ರದ ದೋಷವು ಮಾತ್ರ ಅವನದೆಂತಾದೀತು?

ವಿಧಿಯ ಕಾಠಿನ್ಯವು ೧೯೨೪ರಲ್ಲಿ ಇನ್ನೊಂದು ಮುಖವನ್ನು ತೋರಿತು. ಬೆಳಗಿನ ಚಳಿಗೆ ತೊಟ್ಟ ಅಂಗಿಯನ್ನು ಬಿಸಿಲೇರಿದ ಮೇಲೂ ಎಸೆಯಬಾರದು, ಹೊರಟಾಗ ಇದ್ದುದೆಲ್ಲವೂ ಮುಟ್ಟುವಾಗಲೂ ಇರಬೇಕೆಂಬ ನಿಯಮದಂತೆ ಅಧಿಕಾರಿಯೊಬ್ಬನು ಹಿಂದಿನ ವರ್ಷದ ವಿಜಯಿ ಆಂರಿ ಪೆಲಿಸಿಯೇಯ ಅಂಗಿಗಳನ್ನು ಎಣಿಸಲು, ಅವನು ತಮ್ಮನಾದ ಫ್ರಾನ್ಸಿಸನೊಡನೆಯೂ ಮೋರಿಸ್ ವೀಲ್ ಎಂಬವನೊಡನೆಯೂ ಕೂತಾಂಸ್ ಎಂಬ ಊರಿನಲ್ಲಿ ಪಂದ್ಯವನ್ನು ಬಿಟ್ಟು ಕುಳಿತನು. ಅಲ್ಲಿ ಅವರನ್ನು ಕಂಡು ಮಾತನಾಡಿಸಿದ ಆಲ್ಬೇರ್ ಲೋಂದ್ರನ ವರದಿಯು ಫ್ರೆಂಚ್ ಪತ್ರಿಕಾಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ.

ಕಡೆಗೆ, ೧೯೩೬ರಲ್ಲಿ ರೋಗಪೀಡಿತನಾದ ದೆಗ್ರಾಂಜನಿಂದ ಪಂದ್ಯದ ಆಡಳಿತವು ಜಾಕ್ ಗೊದ್ದೆಯ ಕೈಗೆ ಬಂದಿತು. ೧೯೩೭ರಲ್ಲಿ ಡೆರೈಲರಿಗೆ ಅನುಮತಿ ದೊರೆಯಿತು. ಆ ವರ್ಷ ರೊಜೇ ಲಪೆಬೀ ಅದನ್ನು ಬಳಸಿಯೇ ಗೆದ್ದನು. ವೆಲೋಸಿಯೋ ಏಳು ವರ್ಷಗಳ ಹಿಂದೆಯೇ ಟ್ರಾಮಿನ ಅಪಘಾತದಲ್ಲಿ ತೀರಿಹೋಗಿದ್ದನು. ಸ್ಪರ್ಧಿಗಳಲ್ಲದ ಸಾಮಾನ್ಯ ಯಾತ್ರಿಕರಾದರೋ ಅವನ ಮಾತಿನಂತೆ ಅದಕ್ಕೂ ಬಹಳ ಹಿಂದಿನಿಂದಲೇ ಗೇರುಗಳನ್ನು ಬಳಸುತ್ತಿದ್ದರು.

೬

ಬರೆದ ವಿಧಿಯು ಹೀಗೆ ಉಪಕರಣದೊಡನೆ ಹೋರಾಡುತ್ತಿರಲು, ಬರೆಯದ ಆಚಾರವು ಸವಾರರ ನಡುವೆ ಬೇರೊಂದು ದಾರಿಯಿಂದ ಬೆಳೆಯಿತು. ೧೯೧೧ರಲ್ಲಿ ಮೋರಿಸ್ ಬ್ರೊಕ್ಕೋ ಎಂಬ ಸವಾರನು ಮತ್ತೊಬ್ಬನಿಗೆ ನೆರವಾದನೆಂದು ಸಿಟ್ಟುಗೊಂಡ ದೆಗ್ರಾಂಜನು ಅವನನ್ನು ಮನೆಯಾಳು ಎಂಬರ್ಥದ ‘ದೊಮೆಸ್ತೀಕ್’ ಎಂಬ ಶಬ್ದದಿಂದ ಹಳಿದನು. ಇಂದು ತನ್ನ ತಂಡದ ನಾಯಕನಿಗಾಗಿ ಗಾಳಿಯನ್ನು ಸೀಳುವವನಿಗೆ, ನೀರಿನ ಶೀಸೆಗಳನ್ನು ಹೊತ್ತು ತರುವವನಿಗೆ, ತನ್ನ ಚಕ್ರವನ್ನೇ ಕಳಚಿ ಕೊಡುವವನಿಗೆ ಅದೇ ಶಬ್ದವು ಗೌರವದ ಹೆಸರಾಗಿದೆ. ನಿಂದಾಶಬ್ದವು ಪ್ರಶಂಸಾರ್ಥವನ್ನು ಪಡೆದ ಈ ಉದಾಹರಣೆಯು ಶಬ್ದಾರ್ಥವಿಚಾರ ಮಾಡುವವರಿಗೂ ಉಪಯುಕ್ತವಾಗಬಹುದು.

ಪ್ರತಿಸ್ಪರ್ಧಿಗಳಲ್ಲಿಯೂ ಈ ಭಾವವು ಕಾಣುತ್ತದೆ. ೧೯೫೨ರ ಪಂದ್ಯದಲ್ಲಿ ಇಟಲಿಯ ಫೌಸ್ತೊ ಕೊಪ್ಪಿ, ಜೀನೊ ಬಾರ್ತಲಿ ಇಬ್ಬರೂ ಏರಿನಲ್ಲಿ ಒಂದೇ ಶೀಸೆಯನ್ನು ಹಿಡಿದಿರುವ ಛಾಯಾಚಿತ್ರವೊಂದಿದೆ. ಕೊಟ್ಟವನು ಯಾರು, ಕೊಂಡವನು ಯಾರು ಎಂಬುದು ಚಿತ್ರದಿಂದ ತಿಳಿಯದಾದುದರಿಂದ ಅವರವರ ಅಭಿಮಾನಿಗಳು ಬಹುಕಾಲ ವಾದಿಸಿದರು. ಕೊಳ್ಳುವುದಕ್ಕಿಂತ ಕೊಡುವುದೇ ಹಿರಿದೆಂದು ಎರಡು ಪಕ್ಷದವರೂ ಒಪ್ಪಿದ್ದರೆಂಬುದು ಆ ವಾದದಿಂದಲೇ ಸಿದ್ಧವಾಗುತ್ತದೆ.

ಈ ಆಚಾರಗಳಲ್ಲಿ ಶ್ರೇಷ್ಠವಾದುದು, ಮುಂದಾಳಾಗಿರುವವನು ಬಿದ್ದಾಗ ಅಥವಾ ಅವನ ಯಂತ್ರವು ಕೆಟ್ಟಾಗ ಅದನ್ನು ಸಮಯವೆಂದು ಬಳಸಿಕೊಳ್ಳದೆ ಕಾಯುವುದು. ೨೦೦೧ರಲ್ಲಿ ಯಾನ್ ಉಲ್‌ರಿಖನು ಇಳಿಜಾರಿನಲ್ಲಿ ರಸ್ತೆಯಿಂದಾಚೆ ಬಿದ್ದಾಗ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು ಕಾದನು. ೨೦೦೩ರಲ್ಲಿ ಲೂಸ್ ಆರ್ದಿದೆನ್ ಏರಿನಲ್ಲಿ ಪ್ರೇಕ್ಷಕನ ಚೀಲಕ್ಕೆ ಹ್ಯಾಂಡಲ್ಲು ಸಿಕ್ಕಿ ಆರ್ಮ್‌ಸ್ಟ್ರಾಂಗನು ಬಿದ್ದಾಗ ಉಲ್‌ರಿಖನು ಕಾದನು. ೨೦೧೨ರಲ್ಲಿ ಯಾರೋ ರಸ್ತೆಯಲ್ಲಿ ಮೊಳೆಗಳನ್ನು ಚೆಲ್ಲಿ ಹಲವರ ಟೈರುಗಳು ತೂತಾದಾಗ, ಮುಂದಾಳು ಬ್ರ್ಯಾಡ್ಲಿ ವಿಗಿನ್ಸನು ಗುಂಪನ್ನೇ ನಿಧಾನಗೊಳಿಸಿದನು. ೨೦೨೨ರಲ್ಲಿ ಸ್ಪಾಂದೆಲ್ ಕಣಿವೆಯ ಇಳಿಜಾರಿನಲ್ಲಿ ತದೆಯ್ ಪೊಗಾಚಾರನು ಬೀಳಲು, ಹಳದಿ ಅಂಗಿಯಲ್ಲಿದ್ದ ಯೋನಾಸ್ ವಿಂಗೆಗೋರನು ಅವನು ಎದ್ದು ಬರುವವರೆಗೂ ಕಾದನು. ಹತ್ತಿರ ಬಂದವನು ಕೈ ನೀಡಿದನು.

ಈ ಆಚಾರದ ಯುಕ್ತಿ ಯಾವುದು? ಶ್ರೇಯಸ್ಸು ಮನುಷ್ಯನದಾಗಬೇಕು; ಆದುದರಿಂದ ಯಂತ್ರದ ಅಥವಾ ದೈವದ ಅವಘಡದಿಂದ ಅದು ಕೈತಪ್ಪಬಾರದು. ದೆಗ್ರಾಂಜನು ಹೊರಟ ಪ್ರತಿಜ್ಞೆಯೇ ಇದು. ಹೇತುವು ಒಂದೇ ಆಗಿದ್ದರೂ ಅವನ ವಿಧಿಯು ತಿದಿ ಒತ್ತಿದ ಹುಡುಗನನ್ನು ದೋಷವೆಂದಿತು. ಸವಾರರ ಆಚಾರವು ಆ ಹುಡುಗನ ಸ್ಥಾನದಲ್ಲಿ ಪ್ರತಿಸ್ಪರ್ಧಿಯನ್ನೇ ನಿಲ್ಲಿಸಿತು.

೭

ಇಷ್ಟರಿಂದ ಆಚಾರವು ನಿರ್ದೋಷವೆಂದು ತಿಳಿಯಬಾರದು. ೨೦೧೦ನೆಯ ವರ್ಷವೊಂದರಲ್ಲಿಯೇ ಎರಡು ಸಂಶಯಸ್ಥಾನಗಳು ಒದಗಿದವು.

ಆ ವರ್ಷ ಸ್ಪಾ ನಗರಕ್ಕೆ ಹೋಗುವ ಹಂತದಲ್ಲಿ ಜಾರುವ ಇಳಿಜಾರಿನಲ್ಲಿ ಅನೇಕರು ಬಿದ್ದಾಗ ಮುಂದಾಳಾಗಿದ್ದ ಫಾಬಿಯಾನ್ ಕಾಂಚೆಲಾರನು ಗುಂಪನ್ನು ನಿಧಾನಗೊಳಿಸಿದನು. ಅದರಿಂದ ಅವನ ಹಳದಿ ಅಂಗಿಯೇ ಮುಂದೆ ಹೋಗಿದ್ದ ಶಾವನೆಲ್ ಎಂಬವನ ಪಾಲಾಯಿತು. ತ್ಯಾಗವೆಂದು ಕೆಲವರು ಹೊಗಳಿದರು. ಆದರೆ ಬಿದ್ದವರಲ್ಲಿ ಅವನದೇ ತಂಡದ ಶ್ಲೆಕ್ ಸಹೋದರರು ಇದ್ದರು. ಮರುದಿನ ಕಲ್ಲುಹಾಸಿನ ದಾರಿಯಲ್ಲಿ ಬೇರೆಯವರು ಬಿದ್ದು ಹಿಂದುಳಿದಾಗ ಅವನು ಕಾಯಲಿಲ್ಲ. ಮೀಮಾಂಸಾಶಾಸ್ತ್ರದ ಪ್ರಥಮಾಧ್ಯಾಯದ ತೃತೀಯ ಪಾದದಲ್ಲಿ ಇಂತಹುದಕ್ಕೆ ನಿರ್ಣಯವುಂಟು. ವೈಸರ್ಜನ ಹೋಮದ ವಸ್ತ್ರವನ್ನು ಅಧ್ವರ್ಯುವು ತೆಗೆದುಕೊಳ್ಳುವನೆಂಬ ಸ್ಮೃತಿಯನ್ನೆತ್ತಿಕೊಂಡು, ಲೋಭವೆಂಬ ದೃಷ್ಟಹೇತುವು ಕಾಣುವುದರಿಂದ ಅದು ಪ್ರಮಾಣವಲ್ಲವೆಂದು ಭಾಷ್ಯಕಾರನಾದ ಶಬರಸ್ವಾಮಿಯು ಹೇಳುತ್ತಾನೆ. ಸ್ವಪ್ರಯೋಜನವು ಎದ್ದು ಕಾಣುವಲ್ಲಿ ಆಚಾರದ ಹೆಸರನ್ನು ನಂಬಬಾರದೆಂಬ ಈ ಎಚ್ಚರಿಕೆಯು ರಸ್ತೆಯ ಮೇಲೆಯೂ ಸಲ್ಲುತ್ತದೆ.

ಎರಡನೆಯದು ಅದೇ ಪಂದ್ಯದ ಬಾಲೆಸ್ ಕಣಿವೆಯ ಏರಿನಲ್ಲಿ ನಡೆದುದು. ಹಳದಿ ಅಂಗಿಯ ಆಂಡಿ ಶ್ಲೆಕ್ಕನು ವೇಗವನ್ನೇರಿಸುವಾಗ ಅವನ ಸರಪಳಿಯು ಕಳಚಿತು. ಆಲ್ಬೆರ್ತೊ ಕಾಂತದೋರನು ನಿಲ್ಲದೆ ಮುಂದುವರಿದು ಆ ದಿನ ೩೯ ಸೆಕೆಂಡುಗಳನ್ನು ಗಳಿಸಿದನು. ಪ್ಯಾರಿಸ್ಸಿನಲ್ಲಿ ಪಂದ್ಯವನ್ನು ಅವನು ಗೆದ್ದುದೂ ೩೯ ಸೆಕೆಂಡುಗಳಿಂದಲೇ. ಅಂದಿನ ಸಾಯಂಕಾಲವೇ ಅವನು ಕ್ಷಮೆಯನ್ನು ಬೇಡಿದನು. ಯಾವ ವಿಧಿಯೂ ಕೇಳದಿದ್ದ ಕ್ಷಮೆ ಅದು. ಆಚಾರವು ಪ್ರಮಾಣವೆಂಬುದಕ್ಕೆ ಮುರಿದವನ ಲಜ್ಜೆಗಿಂತ ಬಲವಾದ ಸಾಕ್ಷ್ಯವು ಬೇರೆ ಬೇಕಿಲ್ಲ. ಆದರೆ ಪ್ರತಿಪಕ್ಷದವರು ಕೇಳಿದ ಪ್ರಶ್ನೆಯೂ ಘನವಾದುದು: ಸರಪಳಿ ಕಳಚಿದುದು ಯಂತ್ರದ ಅವಘಡವೋ, ಗೇರು ಬದಲಿಸಿದ ಕೈಯ ತಪ್ಪೋ? ಕೈಯ ತಪ್ಪಾದರೆ ಕಾಯಬೇಕಾದ ಕಾರಣವಿಲ್ಲ. ದೆಗ್ರಾಂಜನು ಹೊರಗಿಟ್ಟಿದ್ದ ಡೆರೈಲರು ಇಲ್ಲಿ ಶಿಷ್ಟಾಚಾರದೊಳಕ್ಕೇ ಬಂದು ನಿಂತಿತು. ಯಂತ್ರವು ಸೂಕ್ಷ್ಮವಾದಷ್ಟೂ ಮನುಷ್ಯನ ಪಾಲನ್ನೂ ಯಂತ್ರದ ಪಾಲನ್ನೂ ಬೇರ್ಪಡಿಸುವುದು ದುಷ್ಕರವಾಗುತ್ತದೆ. ನಿಷಿದ್ಧ ಔಷಧದ ಕಾರಣದಿಂದ ಕಾಂತದೋರನ ಆ ಗೆಲವು ೨೦೧೨ರಲ್ಲಿ ರದ್ದಾಗಿ ಶ್ಲೆಕ್ಕನಿಗೆ ಸಂದಿತು. ಆರ್ಮ್‌ಸ್ಟ್ರಾಂಗನ ಏಳು ಗೆಲವುಗಳೂ ಅದೇ ವರ್ಷ ಅಂತಹುದೇ ಕಾರಣದಿಂದ ಅಳಿಸಿಹೋದವು. ರಸ್ತೆಯಲ್ಲಿ ಕಾದವನು ಎಲ್ಲೆಡೆಯೂ ಸತ್ಯವಂತನಾಗಿರುತ್ತಾನೆಂಬ ನಿಯಮವಿಲ್ಲವೆಂಬುದನ್ನೂ ಇಲ್ಲಿ ಮರೆಮಾಡದೆ ಹೇಳಬೇಕು.

ಬರೆದ ವಿಧಿಯೇ ಹಿತವಾದ ಸಂದರ್ಭಗಳೂ ಇವೆ. ಶಿರಸ್ತ್ರಾಣವನ್ನು ಕಡ್ಡಾಯ ಮಾಡುವುದನ್ನು ಸವಾರರೇ ಹಿಂದೆ ವಿರೋಧಿಸಿದ್ದರು. ೨೦೦೩ರ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಬಿದ್ದು ಆಂದ್ರೇ ಕಿವಿಲೆವನು ಮೃತನಾದ ಬಳಿಕ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಅದನ್ನು ಕಡ್ಡಾಯ ಮಾಡಿತು. ಪ್ರಾಣದ ವಿಷಯದಲ್ಲಿ ಆಚಾರಕ್ಕಾಗಿ ಕಾಯುತ್ತ ಕುಳಿತಿರಲಾಗದು. ಆದರೆ ಅದೇ ಒಕ್ಕೂಟವು ೧೯೩೪ರಲ್ಲಿ ಮಾಡಿದ ನಿರ್ಣಯವು ಬೇರೆ ಜಾತಿಯದು. ಹಿಂದಿನ ವರ್ಷ ಫ್ರಾನ್ಸಿಸ್ ಫೋರ್ ಎಂಬವನು ಒರಗಿ ಕುಳಿತು ತುಳಿಯುವ, ಶಾರ್ಲ್ ಮೋಶೆಯು ರಚಿಸಿದ ಯಂತ್ರದಲ್ಲಿ ಒಂದು ಗಂಟೆಗೆ ೪೫.೦೫೫ ಕಿಲೋಮೀಟರು ಹೋಗಿ, ೧೯೧೪ರಿಂದ ನಿಂತಿದ್ದ ದಾಖಲೆಯನ್ನು ಮುರಿದನು. ಒಕ್ಕೂಟವು ಬೈಸಿಕಲ್ಲಿನ ಲಕ್ಷಣವನ್ನೇ ಹೊಸದಾಗಿ ನಿರ್ವಚಿಸಿ ಅಂತಹ ಯಂತ್ರಗಳನ್ನು ಹೊರಗಿಟ್ಟಿತು. ೨೦೦೦ದಿಂದ ಯಂತ್ರದ ತೂಕವು ೬.೮ ಕಿಲೋಗ್ರಾಮಿಗಿಂತ ಕಡಿಮೆಯಿರಬಾರದೆಂಬ ನಿಯಮವೂ ಜಾರಿಗೆ ಬಂದಿತು. ಸ್ಪರ್ಧೆಯಿರುವಲ್ಲಿ ಇಂತಹ ಗೆರೆಯನ್ನು ಎಲ್ಲಿಯೋ ಎಳೆಯಲೇಬೇಕು; ಆದರೆ ಅದು ಸ್ಪರ್ಧೆಯ ಗೆರೆಯೇ ಹೊರತು ಬೈಸಿಕಲ್ಲಿನ ಗೆರೆಯಲ್ಲ.

೮

ಹಾಗಾದರೆ ಸ್ಪರ್ಧೆಯಿಲ್ಲದೆ ತುಳಿಯುವ ರಸಿಕರಿಗೆ ಯಾವುದು ಪ್ರಮಾಣ? ಅವರ ಪರಂಪರೆಯೂ ಫ್ರಾನ್ಸಿನಲ್ಲಿಯೇ ಕವಲೊಡೆಯಿತು. ೧೯೦೪ರಲ್ಲಿ ದೆಗ್ರಾಂಜನು, ಇಟಲಿಯವರು ೧೮೯೭ರಲ್ಲಿ ಆರಂಭಿಸಿದ್ದುದನ್ನು ಅನುಸರಿಸಿ, ‘ಒದಾಕ್ಸ್’ ಎಂಬ ಸವಾರಿಗಳನ್ನು ಏರ್ಪಡಿಸಿದನು. ಅವುಗಳಲ್ಲಿ ಎಲ್ಲರೂ ಮುಂದಾಳಿನ ಹಿಂದೆ ಒಂದೇ ವೇಗದಿಂದ ಗುಂಪಾಗಿ ಹೋಗಬೇಕು. ೧೯೨೧ರಲ್ಲಿ ಪ್ಯಾರಿಸ್ಸಿನ ಒದಾಕ್ಸ್ ಸಂಘವು ಅವನಿಂದ ಬೇರೆಯಾಗಿ, ಅವರವರ ವೇಗದಲ್ಲಿ ಹೋಗಬಹುದಾದ ಸವಾರಿಗಳನ್ನು ಆರಂಭಿಸಿತು. ಇವೇ ‘ಬ್ರೆವೆ’ಗಳು. ೨೦೦ ಕಿಲೋಮೀಟರಿಗೆ ೧೩ ಗಂಟೆ ೩೦ ನಿಮಿಷ, ೩೦೦ಕ್ಕೆ ೨೦ ಗಂಟೆ, ೪೦೦ಕ್ಕೆ ೨೭ ಗಂಟೆ, ೬೦೦ಕ್ಕೆ ೪೦ ಗಂಟೆ ಎಂಬ ಅವಧಿಗಳುಂಟು. ಮೊದಲನೆಯವನು, ಎರಡನೆಯವನು ಎಂಬ ಗಣನೆಯಿಲ್ಲ. ಮನುಷ್ಯಬಲದಿಂದ ಮಾತ್ರ ನಡೆಯುವ ಯಾವ ಯಂತ್ರವಾದರೂ ಆಗಬಹುದು. ೧೯೩೪ರಲ್ಲಿ ಹೊರಹಾಕಲ್ಪಟ್ಟ ಒರಗುಯಂತ್ರಕ್ಕೂ ಇಲ್ಲಿ ಎಡೆಯುಂಟು. ಬೆಂಬಲದ ವಾಹನವು ಹಿಂದೆ ಬರಕೂಡದು. ಸವಾರರು ಒಬ್ಬರಿಗೊಬ್ಬರು ನೆರವಾಗುವುದಕ್ಕೆ ಅಡ್ಡಿಯಿಲ್ಲ. ಕ್ರಿಸ್ತೋಫನ ಕುಲುಮೆಯ ಬಳಿ ಎದ್ದ ಪ್ರಶ್ನೆಗೆ ಇದು ಸಮಾಧಾನದ ಉತ್ತರವಾಗಿದೆ.

ಇಂತಹ ಸವಾರಿಗಳು ಇಂದು ಬೆಂಗಳೂರು ಮೊದಲಾದ ನಗರಗಳಿಂದಲೂ ಹೊರಡುತ್ತವೆ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸವಾರಿಗೆ ೨೦೧೯ರಲ್ಲಿಯೂ ೨೦೨೩ರಲ್ಲಿಯೂ ಭಾರತದಿಂದ ನೂರಾರು ಮಂದಿ ಹೋಗಿದ್ದರು. ಆದರೆ ನಂದಿಬೆಟ್ಟದ ಏರನ್ನು ಹತ್ತುವ ಎಳೆಯರಲ್ಲಿ ಹಲವರು ಕೊಳ್ಳುವ ಯಂತ್ರವು ಸ್ಪರ್ಧಿಗಳ ಯಂತ್ರದ ಅನುಕರಣ. ಇಬ್ಬರು ಕೂಡಿದಾಗ ಚರ್ಚೆಯು ಎಷ್ಟು ಗ್ರಾಮು ಹಗುರವೆಂಬುದು. ವೆಲೋಸಿಯೋವಿನ ಸವಾರಿಯನ್ನು ಮಾಡುವವರು ದೆಗ್ರಾಂಜನ ಪಂದ್ಯಕ್ಕಾಗಿ ಕಟ್ಟಿದ ಉಪಕರಣವನ್ನು ಕೊಳ್ಳುವುದು ಅಧಿಕಾರಭೇದವನ್ನು ಅರಿಯದ ದೋಷ. ಸ್ಪರ್ಧಿಗಳೇ ಇಪ್ಪತ್ತಮೂರು ಮಿಲಿಮೀಟರಿನ ಕಿರಿದಾದ ಟೈರುಗಳನ್ನು ಬಿಟ್ಟು ಇಪ್ಪತ್ತೆಂಟು ಮತ್ತು ಅದಕ್ಕಿಂತ ಅಗಲವಾದುವಕ್ಕೆ ಬಂದಿರುವುದು, ಅಗಲವಾದ ಟೈರು ಒರಟು ರಸ್ತೆಯಲ್ಲಿ ಸುಖವೆಂದಿದ್ದ ಆ ವೃದ್ಧನ ಮಾತು ವ್ಯರ್ಥವಾಗಲಿಲ್ಲವೆಂಬುದನ್ನು ತೋರಿಸುತ್ತದೆ. ತನ್ನ ದೇಹ, ತನ್ನ ದಾರಿ, ತನ್ನ ಪ್ರಯೋಜನ ಈ ಮೂರನ್ನು ನೋಡಿ ಉಪಕರಣವನ್ನು ಆರಿಸಬೇಕು; ಇದೇ ಸಿದ್ಧಾಂತ.

ಈಗ ಶಿಷ್ಯನ ಪ್ರಶ್ನೆಗೆ ಬರುವೆವು. ಅವಧಿ ಮೀರಿದುದರಿಂದ ಅವನ ಹೆಸರನ್ನು ಪಟ್ಟಿಯಲ್ಲಿ ಸೇರಿಸದಿದ್ದುದು ನ್ಯಾಯವೇ; ವಿಧಿಯು ವ್ಯಕ್ತಿಯನ್ನು ನೋಡಿ ಬಾಗಿದರೆ ವಿಧಿಯಾಗಿ ಉಳಿಯದು. ಆದರೆ ನಿಂತುದು ಅವಿವೇಕವಲ್ಲ. ದೃಷ್ಟಹೇತುವನ್ನು ಹುಡುಕಿದರೆ ಅವನಿಗೆ ನಷ್ಟವಲ್ಲದೆ ಲಾಭವು ಕಾಣುವುದಿಲ್ಲ. ಆದುದರಿಂದ ಮೀಮಾಂಸಕರ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ಯಂತ್ರದ ಅವಘಡದಿಂದ ಮನುಷ್ಯನ ಶ್ರಮವು ಹಾಳಾಗಬಾರದೆಂಬ ನೂರು ವರ್ಷದ ಆಚಾರವನ್ನು ಅವನು, ಅದರ ಇತಿಹಾಸವನ್ನು ಓದದೆಯೇ, ನಡೆಸಿದನು. ಇಷ್ಟನ್ನು ಅವನಿಗೆ ಬರೆದು ಕಳುಹಿಸಿದೆವು. ಮುಂದಿನ ತಿಂಗಳು ಮತ್ತೊಮ್ಮೆ ಅದೇ ದಾರಿಯಲ್ಲಿ ಹೊರಡುವೆನೆಂದೂ, ಸರಪಳಿ ಕೂಡಿಸುವ ಉಪಕರಣವನ್ನು ಈ ಸಲವೂ ಚೀಲದಲ್ಲಿಟ್ಟುಕೊಳ್ಳುವೆನೆಂದೂ ಅವನು ಉತ್ತರ ಬರೆದಿದ್ದಾನೆ.